ಇಲ್ಲಿನವರು ಯಾರು? ಕ್ಯಾಲಿಫೋರ್ನಿಯಾದಲ್ಲಿ ಒಂದು ವಾರ

ಜೂನ್ 28, 2025, ಶನಿವಾರ: ಸ್ಯಾನ್ ಫ್ರಾನ್ಸಿಸ್ಕೊ

ಈ ಪ್ರವಾಸದ ಪಟ್ಟಿ ಮಾಡಿದವಳು ನನ್ನ ತಂಗಿಯ ಮಗಳು. ಹದಿನಾರು ವರ್ಷ. ಹುಟ್ಟಿದ್ದು, ಬೆಳೆದದ್ದು ಎಲ್ಲ ಫ್ರೀಮಾಂಟ್‌ನಲ್ಲೇ. ಈ ವರ್ಷ ಶಾಲೆಯಲ್ಲಿ ಅಮೆರಿಕದ ಇತಿಹಾಸ ಓದಿದ್ದಾಳೆ. ಪಾಠದಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋದ ಜಾಗಗಳನ್ನು ಕಣ್ಣಾರೆ ನೋಡಬೇಕು ಅಂತ ಅವಳ ಆಸೆ. ಮೈಸೂರಿನ ಹೈಸ್ಕೂಲಿನಲ್ಲಿ ಎಷ್ಟೋ ವರ್ಷ ಸಮಾಜ ಪಾಠ ಮಾಡಿದ ನನಗೂ ಇದಕ್ಕಿಂತ ಒಳ್ಳೆಯ ರಜೆ ಬೇಕಿರಲಿಲ್ಲ. ತಂಗಿಗೆ ಕೆಲಸಕ್ಕೆ ರಜೆ ಸಿಗಲಿಲ್ಲ. ಅವಳ ಗಂಡ ಕಾರು ಓಡಿಸಲು ಒಪ್ಪಿಕೊಂಡರು.

ಹೊರಟ ಹೊತ್ತು ಮಾತ್ರ ನೆಮ್ಮದಿಯದಾಗಿರಲಿಲ್ಲ. ಜನವರಿ 20ರಂದು ಅಧ್ಯಕ್ಷ ಟ್ರಂಪ್ ಒಂದು ಆದೇಶ ಹೊರಡಿಸಿದ್ದರು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದಿದ್ದರೆ, ಫೆಬ್ರವರಿ 19ರ ನಂತರ ಇಲ್ಲಿ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ ಎಂಬ ಆದೇಶ. ಹಲವು ಕೋರ್ಟುಗಳು ಅದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ತಡೆ ಕೊಟ್ಟವು. ನಾವು ಹೊರಡುವ ಹಿಂದಿನ ದಿನ, ಜೂನ್ 27ರಂದು, ಸುಪ್ರೀಂ ಕೋರ್ಟ್ ಹಾಗೆ ಇಡೀ ದೇಶಕ್ಕೆ ತಡೆ ಕೊಡುವ ಕೆಳಗಿನ ಕೋರ್ಟುಗಳ ಅಧಿಕಾರಕ್ಕೇ ಕಡಿವಾಣ ಹಾಕಿತು. ಆದೇಶ ಸರಿಯೋ ತಪ್ಪೋ ಅನ್ನುವುದನ್ನು ಮುಟ್ಟಲಿಲ್ಲ. ಆ ರಾತ್ರಿ ತಂಗಿಯ ಮನೆಯಲ್ಲಿ ಫೋನು ನಿಲ್ಲಲೇ ಇಲ್ಲ. ಅವಳ ಸ್ನೇಹಿತೆಯೊಬ್ಬಳು ದಾವಣಗೆರೆಯವಳು. ಎಂಟು ತಿಂಗಳ ಬಸುರಿ. ಗಂಡ ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ, ಅವಳು ಅವನ ಮೇಲೆ ಅವಲಂಬಿತ ವೀಸಾದಲ್ಲಿ. "ಮಗೂಗೆ ಯಾವ ಪಾಸ್‌ಪೋರ್ಟ್ ಅಂತ ಹೆರಿಗೆ ದಿನ ತೀರ್ಮಾನ ಆಗುತ್ತಾ?" ಅಂತ ಕೇಳುತ್ತಿದ್ದಳು. ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಹಾಗಾಗಿ ಚೈನಾಟೌನ್‌ನ ಸ್ಯಾಕ್ರಮೆಂಟೊ ಸ್ಟ್ರೀಟಿನ ಏರು ಹತ್ತುವಾಗ ನಮಗೆ ಹಳೆಯ ಕಾಲದ ಕಥೆ ನೋಡಲು ಹೋಗುತ್ತಿದ್ದೇವೆ ಅಂತ ಅನ್ನಿಸಲಿಲ್ಲ. 751ನೇ ನಂಬರಿನ ವಿಳಾಸ. 1870ರ ದಶಕದ ಮೊದಲಲ್ಲಿ, ಚೀನಾದಿಂದ ಬಂದ ದಂಪತಿಗೆ ಇಲ್ಲಿ ಹುಟ್ಟಿದ ಮಗು ವಾಂಗ್ ಕಿಮ್ ಆರ್ಕ್. ದೊಡ್ಡವನಾಗಿ ಅಡುಗೆ ಕೆಲಸಕ್ಕೆ ಸೇರಿದ. 1895ರಲ್ಲಿ ಚೀನಾಕ್ಕೆ ಹೋಗಿ ವಾಪಸ್ ಬಂದಾಗ ಅವನನ್ನು ಹಡಗಿನಿಂದ ಇಳಿಯಲು ಬಿಡಲಿಲ್ಲ. 1882ರಿಂದ ಚೀನೀ ಕೂಲಿಗಳು ಈ ದೇಶಕ್ಕೆ ಬರುವ ಹಾಗಿರಲಿಲ್ಲ. ಚೀನೀಯರಿಗೆ ಪೌರತ್ವವೂ ಇರಲಿಲ್ಲ. ನಿನ್ನ ಅಪ್ಪ ಅಮ್ಮ ಚೀನಾದವರು, ಹಾಗಾಗಿ ನೀನೂ ಚೀನಾದವನೇ ಅಂತ ಸರ್ಕಾರದ ವಾದ. ಅಡುಗೆ ಭಟ್ಟ ಬಿಡಲಿಲ್ಲ, ಸುಪ್ರೀಂ ಕೋರ್ಟಿನ ತನಕ ಹೋದ. 1898ರ ಮಾರ್ಚ್ 28ರಂದು ಆರು ನ್ಯಾಯಾಧೀಶರು ಅವನ ಪರ, ಇಬ್ಬರು ವಿರುದ್ಧ. ಇಲ್ಲಿ ಹುಟ್ಟಿದವನು ಇಲ್ಲಿಯ ಪೌರ.

ಅವನು ಆಧಾರವಾಗಿ ಹಿಡಿದದ್ದು ಸಂವಿಧಾನದ 14ನೇ ತಿದ್ದುಪಡಿ. ಅದು ಬಂದದ್ದು 1868ರಲ್ಲಿ, ಗುಲಾಮರಾಗಿದ್ದ ಕಪ್ಪು ಜನರಿಗಾಗಿ. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಇದೇ ಸುಪ್ರೀಂ ಕೋರ್ಟ್ ಕಪ್ಪು ಜನ ಈ ದೇಶದ ಪೌರರಾಗಲು ಸಾಧ್ಯವೇ ಇಲ್ಲ ಅಂದಿತ್ತು. ಅದನ್ನು ಅಳಿಸಲು ಒಂದು ಅಂತರ್ಯುದ್ಧವೇ ಆಗಬೇಕಾಯಿತು. ಇವತ್ತು ಬೇ ಏರಿಯಾದಲ್ಲಿ ಹುಟ್ಟುವ ಕನ್ನಡದ ಮಕ್ಕಳಿಗೆ ಅಮೆರಿಕದ ಪಾಸ್‌ಪೋರ್ಟ್ ಸಿಗುವುದು ಆ ಜನ ಪಟ್ಟ ಪಾಡಿನಿಂದ. ನಮ್ಮವರ ಕೂಟಗಳಲ್ಲಿ ಈ ಮಾತು ಬರುವುದು ಕಡಿಮೆ. ಬರಬೇಕು.

ವಾಂಗ್ ಕಿಮ್ ಆರ್ಕ್‌ನ ಒಂದು ಕಾಗದದ ಚಿತ್ರವನ್ನು ಹುಡುಗಿ ಫೋನಿನಲ್ಲಿ ತೋರಿಸಿದಳು. 1894ರಲ್ಲಿ ಚೀನಾಕ್ಕೆ ಹೊರಡುವ ಮೊದಲು ಮಾಡಿಸಿದ್ದು. ಒಂದು ಕಡೆ ಅವನ ಫೋಟೊ. ಇವನು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಹುಟ್ಟಿದವನು ಅಂತ ಬಿಳಿಯರ ಸಾಕ್ಷಿ, ಸಹಿ. ಹುಟ್ಟಿದ ಊರಿಗೆ ವಾಪಸ್ ಬರಲು ಬೇರೆಯವರ ಸಹಿ ಬೇಕಿತ್ತು. ಗೆದ್ದ ಮೇಲೂ ಅಷ್ಟೇ. 1901ರಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಅವನನ್ನು ಮತ್ತೆ ಹಿಡಿದರು. ದೇಶದ ಪೌರತ್ವದ ಅರ್ಥವನ್ನೇ ಬರೆಸಿದ ಮನುಷ್ಯ!

ಜೂನ್ 29, ಭಾನುವಾರ: ಏಂಜಲ್ ಐಲ್ಯಾಂಡ್

ಬೆಳಗಿನ ಫೆರಿ. ಕೊಲ್ಲಿಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಸ್ವೆಟರ್ ಸಾಲದೆ ನಾನು ಹುಡುಗಿಯ ಶಾಲನ್ನೂ ಹೊದ್ದೆ. ದ್ವೀಪಕ್ಕೆ ಬರುವವರಲ್ಲಿ ಜಾಸ್ತಿ ಜನ ಸೈಕಲ್ ಹೊಡೆಯಲು, ಬೆಟ್ಟ ಹತ್ತಲು ಬರುತ್ತಾರೆ. ನಾವು ಮೆಟ್ಟಿಲು ಹತ್ತಿ, ದಾರಿ ಬಳಸಿ, ಇನ್ನೊಂದು ಬದಿಯ ಹಳೆಯ ವಲಸೆ ಠಾಣೆಗೆ ನಡೆದೆವು.

1910ರಿಂದ 1940ರ ತನಕ ಪೆಸಿಫಿಕ್ ದಾಟಿ ಬಂದವರನ್ನು ಇಲ್ಲಿ ತಡೆದು ವಿಚಾರಿಸುತ್ತಿದ್ದರು. ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡಿನಲ್ಲಿ ಯುರೋಪಿನವರು ಸಾಮಾನ್ಯವಾಗಿ ಕೆಲವು ಗಂಟೆಯಲ್ಲಿ ಹೊರಗೆ ಬರುತ್ತಿದ್ದರು. ಇಲ್ಲಿ ಚೀನೀಯರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಕೂತಿದ್ದಾರೆ. ಒಂದರ ಮೇಲೊಂದು ಮೂರು ಹಂತದ ಮಂಚಗಳ ನಡುವೆ ಒಬ್ಬರು ನಡೆಯಲು ಮಾತ್ರ ಜಾಗ. ವಿಚಾರಣೆಯ ಪ್ರಶ್ನೆಗಳನ್ನು ಓದಿದರೆ ಬೆವರು ಬರುತ್ತದೆ. ನಿಮ್ಮ ಊರಿನ ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಡಬ್ಬ ಎಲ್ಲಿಡುತ್ತೀರಿ? ನಿಮ್ಮ ಸಾಲಿನ ಮೂರನೇ ಮನೆ ಯಾರದು? ಅಪ್ಪ ಒಂದು ಹೇಳಿ, ಮಗ ಒಂದು ಹೇಳಿದರೆ ಮಗ ವಾಪಸ್. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಊರಿನ ಜನನ ದಾಖಲೆಗಳು ಸುಟ್ಟುಹೋಗಿದ್ದವು. ಆಮೇಲೆ ಎಷ್ಟೋ ಜನ ತಾವು ಇಲ್ಲೇ ಹುಟ್ಟಿದವರು ಅಂತ ಹೇಳಿಕೊಂಡು, ಬೇರೆಯವರ ಹುಡುಗರನ್ನು ತಮ್ಮ ಮಕ್ಕಳೆಂದು ಕಾಗದದ ಮೇಲೆ ಕರೆತಂದರು. ಬರಲು ಬೇರೆ ದಾರಿಯನ್ನೇ ಇಟ್ಟಿರಲಿಲ್ಲವಲ್ಲ.

ಗೋಡೆಗಳ ಮೇಲೆ ಚೀನೀ ಕವಿತೆಗಳಿವೆ. ಚಾಕುವಿನಿಂದ ಮರದಲ್ಲಿ ಕೆತ್ತಿದವು. ಇನ್ನೂರಕ್ಕೂ ಜಾಸ್ತಿ ಸಿಕ್ಕಿವೆಯಂತೆ. ಅಧಿಕಾರಿಗಳು ಅವುಗಳಿಗೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸಿದರು. 1970ರಲ್ಲಿ ಕಟ್ಟಡ ಕೆಡವುವ ಮಾತಿದ್ದಾಗ, ಅಲೆಕ್ಸಾಂಡರ್ ವೈಸ್ ಎಂಬ ಪಾರ್ಕ್ ರೇಂಜರ್ ಟಾರ್ಚ್ ಹಿಡಿದು ಒಳಗೆ ಹೋದಾಗ ಈ ಅಕ್ಷರಗಳನ್ನು ಕಂಡು, ಉಳಿಸಲು ಓಡಾಡಿದರು. ನಾನು ಒಂದು ಗೋಡೆಯ ಪಕ್ಕಕ್ಕೆ ಹೋಗಿ ಓರೆಯಾಗಿ ನೋಡಿದೆ. ನೇರ ನಿಂತರೆ ಬರೀ ಬಣ್ಣದ ಗೋಡೆ. ಓರೆಯಿಂದ ನೋಡಿದರೆ ಬೆಳಕಿಗೆ ಒಂದೊಂದೇ ಅಕ್ಷರ ಎದ್ದು ಬರುತ್ತದೆ, ಮೇಲಿಂದ ಕೆಳಕ್ಕೆ, ಅಚ್ಚುಕಟ್ಟಾದ ಸಾಲು. ಕೆತ್ತಿದವನು ಆತುರಪಟ್ಟಿಲ್ಲ.

ನಮ್ಮ ದೇಶದವರೂ ಇಲ್ಲಿ ಬಂದಿದ್ದಾರೆ. 1915ರಲ್ಲಿ ಪೇಶಾವರದಿಂದ ವೈಷ್ಣೋ ದಾಸ್ ಬಗಾಯ್, ಹೆಂಡತಿ ಕಲಾ, ಮೂರು ಗಂಡುಮಕ್ಕಳು. ಕಲಾ ಅವರ ಮೂಗುತಿ ಎಷ್ಟು ಹೊಸತಾಗಿ ಕಂಡಿತೆಂದರೆ ಪತ್ರಿಕೆಯೊಂದು ಅದನ್ನೇ ಸುದ್ದಿ ಮಾಡಿತು. ಬರ್ಕ್‌ಲಿಯಲ್ಲಿ ಮನೆ ಕೊಂಡು ಸಾಮಾನಿನ ಜೊತೆ ಹೋದರೆ, ಅಕ್ಕಪಕ್ಕದವರು ಒಳಗೆ ಬರಬಾರದೆಂದು ಮನೆಗೆ ಬೀಗ ಹಾಕಿದ್ದರು. ಬಗಾಯ್ 1921ರಲ್ಲಿ ಅಮೆರಿಕದ ಪೌರರಾದರು. ಎರಡು ವರ್ಷದ ನಂತರದ ಒಂದು ತೀರ್ಪು ಅದನ್ನು ಕಿತ್ತುಕೊಂಡಿತು. ಅಂಗಡಿ ಹೋಯಿತು. ಊರಿಗೆ ಹೋಗಿಬರಲು ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ ಅಂದರು. ಬ್ರಿಟಿಷರ ಆಳ್ವಿಕೆ ಬೇಡವೆಂದೇ ಬಂದಿದ್ದ ಮನುಷ್ಯ! 1928ರಲ್ಲಿ ಪತ್ರಿಕೆಗೊಂದು ಕಾಗದ ಬರೆದಿಟ್ಟು ಪ್ರಾಣ ಕಳೆದುಕೊಂಡರು. ಕಲಾ ಬಹಳ ಕಾಲ ಬದುಕಿದರು, ಮಕ್ಕಳನ್ನು ಓದಿಸಿದರು, ಮುಂದೆ ಪೌರರೂ ಆದರು. ಇವತ್ತು ಅದೇ ಬರ್ಕ್‌ಲಿಯ ಪೇಟೆಯ ನಡುವೆ ಒಂದು ರಸ್ತೆಗೆ ಅವರ ಹೆಸರಿದೆ. ಸಂಜೆ ಬರುವಾಗ ಸುತ್ತು ಹಾಕಿ ಅಲ್ಲಿ ಹೋಗಿ ಬೋರ್ಡ್ ನೋಡಿದೆವು.

ಜೂನ್ 30, ಸೋಮವಾರ: ಸ್ಟಾಕ್‌ಟನ್, ಲಾಕ್

ಆಲ್ಟಮಾಂಟ್ ಗುಡ್ಡಗಳ ಗಾಳಿಯಂತ್ರ ದಾಟಿದರೆ ಹವೆಯೇ ಬೇರೆ. ಬಿಸಿಲು, ಧೂಳು, ಹೊಲ. ಸ್ಟಾಕ್‌ಟನ್‌ನ ಗುರುದ್ವಾರ 1912ರಲ್ಲಿ ಶುರುವಾದದ್ದು, ಅಮೆರಿಕದ ಮೊದಲ ಗುರುದ್ವಾರ. ರೈಲು ದಾರಿ, ಮರದ ಮಿಲ್ಲು, ಆಲೂಗಡ್ಡೆ ಹೊಲ ಅಂತ ದುಡಿಯುತ್ತಿದ್ದ ಪಂಜಾಬಿಗಳು ಕಟ್ಟಿದ್ದು. ಬ್ರಿಟಿಷರ ವಿರುದ್ಧ ಇಲ್ಲಿಂದಲೇ ಹೋರಾಡಿದ ಗದರ್ ಚಳವಳಿಯವರಿಗೂ ಇದು ಮನೆಯೇ ಆಗಿತ್ತು. ಲಂಗರಿನಲ್ಲಿ ರೊಟ್ಟಿ, ದಾಲ್, ಖೀರು ಬಡಿಸಿದರು. ನೆಲದ ಮೇಲೆ ಸಾಲಾಗಿ ಕೂತು ಉಂಡೆವು.

ಊಟ ಆದಮೇಲೆ ಅಂಗಳದ ನೆರಳಿನಲ್ಲಿ ಹುಡುಗಿ ನಿನ್ನೆ ಹೇಳಿದ ಆ ತೀರ್ಪನ್ನು ಓದಿದಳು. ಭಗತ್ ಸಿಂಗ್ ಥಿಂಡ್ ಮೊಕದ್ದಮೆ. ಅಮೃತಸರದ ಕಡೆಯವರು, 1913ರಲ್ಲಿ ಬಂದವರು. ಮೊದಲ ಮಹಾಯುದ್ಧದಲ್ಲಿ ಪೇಟ ಕಟ್ಟಿಕೊಂಡೇ ಅಮೆರಿಕದ ಸೈನ್ಯದಲ್ಲಿ ಇದ್ದವರು. 1790ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ನಡುವಿನವರು ಯಾರು? 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಜಾವಾ ಅವರಿಗೆ ಕೋರ್ಟ್ ಹೇಳಿತು: ಬಿಳಿಯ ಅಂದರೆ ಕಕೇಶಿಯನ್ ಜನಾಂಗದವನು, ನೀವು ಅಲ್ಲ. ಪಂಡಿತರೆಲ್ಲ ಭಾರತದವರನ್ನು ಕಕೇಶಿಯನ್ ಅನ್ನುತ್ತಾರಲ್ಲ ಅಂತ ಥಿಂಡ್ ಹೋದರೆ, ಮೂರೇ ತಿಂಗಳಿಗೆ, 1923ರ ಫೆಬ್ರವರಿ 19ರಂದು, ಅದೇ ನ್ಯಾಯಾಧೀಶ ಜಾರ್ಜ್ ಸದರ್‌ಲ್ಯಾಂಡ್ ಬರೆದರು: ಪಂಡಿತರ ಮಾತು ಬೇಡ, ಸಾಮಾನ್ಯ ಜನರ ಕಣ್ಣಿಗೆ ನೀವು ಬಿಳಿಯರಲ್ಲ. ಸದರ್‌ಲ್ಯಾಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಬಂದವರು.

ಥಿಂಡ್ ಪರವಾದ ವಾದದಲ್ಲೇ ನನಗೆ ಚುಚ್ಚುವ ಒಂದು ಭಾಗವಿದೆ. ಇವರು ಮೇಲ್ಜಾತಿಯ ಆರ್ಯರು, ಮದುವೆ ವಿಷಯದಲ್ಲಿ ಅಮೆರಿಕದ ಬಿಳಿಯರು ಕಪ್ಪು ಜನರನ್ನು ದೂರ ಇಡುವಂತೆ ಇವರೂ ತಮ್ಮ ದೇಶದ ಮೂಲನಿವಾಸಿಗಳನ್ನು ದೂರ ಇಡುತ್ತಾರೆ, ಆದ್ದರಿಂದ ಇವರೂ ಬಿಳಿಯರೇ ಅಂತ. ಬಾಗಿಲು ತೆರೆಸಲು ಜಾತಿಯನ್ನೇ ಕೀಲಿ ಮಾಡಿಕೊಂಡರು. ಆಗಿನ ಕಾನೂನಿನಲ್ಲಿ ಬೇರೆ ದಾರಿ ಇರಲಿಲ್ಲ ಅನ್ನುವುದು ನಿಜ. ಆದರೂ ಇದು ನಮ್ಮ ಕಥೆಯ ಭಾಗ. ನಮ್ಮ ಹಿರಿಯರ ನೋವನ್ನು ಹೇಳುವಾಗ ಇದನ್ನೂ ಹೇಳಬೇಕು. ಹಿಂದಿನ ದಿನ ನೋಡಿದ ಗೋಡೆಗಳಲ್ಲಿ ಯಾರೂ ತಮ್ಮ ಕುಲದ ಎತ್ತರ ಕೆತ್ತಿರಲಿಲ್ಲ.

ತೀರ್ಪಿನ ಇನ್ನೊಂದು ಕಡೆ ಹುಡುಗಿ ನಿಲ್ಲಿಸಿದಳು. ಇಂಗ್ಲಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್ ತಂದೆತಾಯಿಯ ಮಕ್ಕಳು ಬೇಗ ಈ ಜನರಲ್ಲಿ ಬೆರೆತು ತಮ್ಮ ಮೂಲದ ಗುರುತು ಕಳೆದುಕೊಳ್ಳುತ್ತಾರೆ. ಆದರೆ ಇಲ್ಲಿ ಹುಟ್ಟಿದ ಹಿಂದೂಗಳ ಮಕ್ಕಳಲ್ಲಿ ಪೂರ್ವಿಕರ ಗುರುತು ಎಂದೆಂದಿಗೂ ಎದ್ದು ಕಾಣುತ್ತದೆ, ಅಂತ ಅಲ್ಲಿದೆ. ಆಗ ಭಾರತದವರನ್ನೆಲ್ಲ, ಸಿಖ್ಖರನ್ನೂ, ಹಿಂದೂ ಅಂತಲೇ ಕರೆಯುತ್ತಿದ್ದರು.

"ದೊಡ್ಡಮ್ಮ, ಇದು ನನ್ನ ಬಗ್ಗೆನೇ ಬರೆದಿರೋದು," ಅಂದಳು. ಸಿಟ್ಟಿನಿಂದ ಅಲ್ಲ. ಪರೀಕ್ಷೆಯ ಪ್ರಶ್ನೆಯನ್ನು ಓದಿದ ಹಾಗೆ ಇನ್ನೊಂದು ಸಲ ಓದಿದಳು. "ಕಾಣ್ಲಿ ಬಿಡಿ. ಕಂಡ್ರೆ ಏನಾಯ್ತು?"

ಗುರುತು ಕಳೆದುಕೊಂಡರೆ ಮಾತ್ರ ಅಮೆರಿಕನ್ ಅಂತ ಆ ನ್ಯಾಯಾಧೀಶರು ನಂಬಿದ್ದರು. ಈ ಹುಡುಗಿ ಮನೆಯಲ್ಲಿ ಸಾರು ಅನ್ನ ಉಣ್ಣುತ್ತಾಳೆ, ಕನ್ನಡ ಕಲಿ ತರಗತಿಗೆ ಹೋಗುತ್ತಾಳೆ, ಬೇಸ್‌ಬಾಲ್ ಅಂದರೆ ಜೀವ ಬಿಡುತ್ತಾಳೆ. ಇದರಲ್ಲಿ ಯಾವುದನ್ನೂ ಬಿಟ್ಟುಕೊಡಬೇಕು ಅಂತ ಅವಳಿಗೆ ಅನ್ನಿಸಿಯೇ ಇಲ್ಲ. ಅವಳೇ ಸರಿ ಅಂತ ನನ್ನ ನಂಬಿಕೆ.

ಸಂಜೆ ಲಾಕ್. ನದಿಯ ಏರಿಯ ಕೆಳಗೆ ಒಂದೇ ಮುಖ್ಯ ಬೀದಿ, ಎರಡು ಅಂತಸ್ತಿನ ಮರದ ಮನೆಗಳು, ಕೆಲವು ಪಕ್ಕಕ್ಕೆ ವಾಲಿವೆ. 1915ರಲ್ಲಿ ಚೀನೀಯರು ಕಟ್ಟಿದ ಊರು. ಮನೆ ಅವರದು, ನೆಲ ಬೇರೆಯವರದು. 1913ರ ಕ್ಯಾಲಿಫೋರ್ನಿಯಾ ಕಾನೂನು ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳುವಂತಿಲ್ಲ ಅಂದಿತ್ತು. ಈ ನದಿ ಬಯಲಿನ ಏರಿಗಳಿಗೆ ಮಣ್ಣು ಹೊತ್ತವರಲ್ಲಿ ಚೀನೀಯರೇ ಮೊದಲಿಗರು.

ಜುಲೈ 1, ಮಂಗಳವಾರ: ಯೂಬಾ ಸಿಟಿ

ಪೀಚ್ ಕೊಯ್ಲಿನ ಕಾಲ. ರಸ್ತೆಯ ಎರಡೂ ಕಡೆ ತೋಟ, ಮಧ್ಯೆ ಮಧ್ಯೆ ವಾಲ್‌ನಟ್. ಬಯಲಿನ ನಡುವೆ ಇದ್ದಕ್ಕಿದ್ದಂತೆ ಎದ್ದ ಸಟ್ಟರ್ ಬ್ಯೂಟ್ಸ್ ಗುಡ್ಡಗಳು. ಈ ಊರಿನಲ್ಲಿ ನವೆಂಬರಿನಲ್ಲಿ ನಡೆಯುವ ನಗರ ಕೀರ್ತನೆಗೆ ದೇಶದ ಮೂಲೆಮೂಲೆಯಿಂದ ಸಿಖ್ಖರು ಬರುತ್ತಾರೆ. ನಾವು ಬಂದದ್ದು ಇನ್ನೊಂದು ಕಥೆಗೆ.

ಮೊದಲು ಬಂದ ಪಂಜಾಬಿ ಗಂಡಸರಿಗೆ ಊರಿನಿಂದ ಹೆಂಡತಿಯರನ್ನು ಕರೆಸಲು ಸಾಧ್ಯವಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1948ರ ತನಕ ಬಿಳಿಯರು ಬೇರೆ ಬಣ್ಣದವರನ್ನು ಮದುವೆಯಾಗುವಂತಿರಲಿಲ್ಲ. ಹತ್ತಿಯ ಹೊಲದಲ್ಲಿ ಜೊತೆಗೆ ದುಡಿಯುತ್ತಿದ್ದ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಇಬ್ಬರದೂ ಕಂದು ಬಣ್ಣ ನೋಡಿ ಗುಮಾಸ್ತರು ಪರವಾನಗಿ ಕೊಟ್ಟರು. ದಕ್ಷಿಣದ ಇಂಪೀರಿಯಲ್ ಕಣಿವೆಯಲ್ಲಿ ಇಂಥ ಕುಟುಂಬಗಳು ಜಾಸ್ತಿ, ಇಲ್ಲಿಯೂ ಇದ್ದವು. ಮಕ್ಕಳ ಹೆಸರು ಸ್ಪ್ಯಾನಿಷ್, ಕೊನೆಗೆ ಸಿಂಗ್. ಜಮೀನಿನ ಕಾನೂನನ್ನು ದಾಟಲು ಕೆಲವರು ಇಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಹೊಲ ಬರೆಸಿದರು. ತೊಟ್ಟಿಲಲ್ಲಿದ್ದ ಕೂಸು ಜಮೀನ್ದಾರ, ಅಪ್ಪ ಅದರ ಆಳು.

ಹೆದ್ದಾರಿ ಪಕ್ಕದ ಹಣ್ಣಿನ ಅಂಗಡಿಯಲ್ಲಿ ಪೀಚ್ ಕೊಳ್ಳುವಾಗ ಒಬ್ಬ ಅಜ್ಜಿ ಮಾತಿಗೆ ಸಿಕ್ಕರು. ಅವರ ತಾತ ಜಲಂಧರ್ ಕಡೆಯವರು, ಅಜ್ಜಿ ಮೆಕ್ಸಿಕೊದವರು. ಮನೆಯಲ್ಲಿ ಭಾನುವಾರ ಚರ್ಚು, ತಾತನ ಜೊತೆ ವರ್ಷಕ್ಕೊಮ್ಮೆ ಗುರುದ್ವಾರ. ರೊಟ್ಟಿಯ ಜೊತೆ ಬೀನ್ಸ್, ಚಿಕನ್ ಸಾರಿಗೆ ಮೆಕ್ಸಿಕೊದ ಮೆಣಸಿನಕಾಯಿ. 1965ರ ನಂತರ ಪಂಜಾಬಿನಿಂದ ಹೊಸ ಕುಟುಂಬಗಳು ಬಂದಾಗ, ಇವರು ನಮ್ಮವರಲ್ಲ ಅಂತ ತಮ್ಮನ್ನು ಪಕ್ಕಕ್ಕೆ ಸರಿಸಿದ್ದನ್ನು ಅವರು ಮರೆತಿಲ್ಲ. ಸರ್ಕಾರದವರು ಮಾತ್ರ ಮೂಲ ಕೇಳಿದ್ದಲ್ಲ ನೋಡಿ, ನಮ್ಮ ಜನವೂ ಕೇಳಿದರು. "ನೀವು ಏನಂತ ಹೇಳಿಕೊಳ್ಳುತ್ತೀರಿ?" ಅಂತ ಕೇಳಿದೆ. "ಯೂಬಾ ಸಿಟಿಯವಳು" ಅಂದರು. ಬೇಡ ಅಂದರೂ ಎರಡು ಹಣ್ಣು ಜಾಸ್ತಿ ಹಾಕಿದರು.

ಭಾರತದವರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಜುಲೈ 2ರಂದು. ವರ್ಷಕ್ಕೆ 100 ಜನ ವಲಸೆ ಬರಬಹುದು. ಹತ್ತು ವರ್ಷದಲ್ಲೇ, 1956ರಲ್ಲಿ, ದಲೀಪ್ ಸಿಂಗ್ ಸೌಂದ್ ಎಂಬ ರೈತರು ಇಂಪೀರಿಯಲ್ ಕಣಿವೆಯಿಂದ ಅಮೆರಿಕದ ಸಂಸತ್ತಿಗೆ ಆರಿಸಿ ಹೋದರು. ಬರ್ಕ್‌ಲಿಯಲ್ಲಿ ಗಣಿತದ ಪಿಎಚ್‌ಡಿ ಮಾಡಿ ಹೊಲ ಉತ್ತವರು.

ಜುಲೈ 2, ಬುಧವಾರ

ದಿನವೆಲ್ಲ ಕಾರು. 9,943 ಅಡಿ ಎತ್ತರದ ಟಿಯೋಗಾ ಪಾಸ್ ದಾಟಿ, 395ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ. ಬಲಕ್ಕೆ ಸಿಯೆರಾ ನೆವಾಡಾ, ಎಡಕ್ಕೆ ಬೋಳು ಬೆಟ್ಟ. ರಾತ್ರಿ ಲೋನ್ ಪೈನ್‌ನಲ್ಲಿ ಮಲಗಿದೆವು.

ಜುಲೈ 3, ಗುರುವಾರ: ಮ್ಯಾನ್‌ಜನಾರ್

ಬೆಳಿಗ್ಗೆ ಒಂಬತ್ತಕ್ಕೇ ನೆಲ ಕಾಯುತ್ತಿತ್ತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಆದೇಶದ ಮೇಲೆ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಇಂಥ ಶಿಬಿರಗಳಿಗೆ ಹಾಕಿದರು. ಮೂವರಲ್ಲಿ ಇಬ್ಬರು ಹುಟ್ಟಿನಿಂದ ಅಮೆರಿಕದ ಪೌರರು. ಫೆಬ್ರವರಿ 19! ಥಿಂಡ್ ತೀರ್ಪಿನ ದಿನಾಂಕವೂ ಅದೇ, ಈ ವರ್ಷದ ಆದೇಶ ಜಾರಿಗೆ ಬರಬೇಕಿದ್ದ ದಿನಾಂಕವೂ ಅದೇ. ಕಾಕತಾಳೀಯ ಅಂತ ಗೊತ್ತಿದ್ದರೂ ಮೂವರೂ ಸ್ವಲ್ಪ ಹೊತ್ತು ಅದನ್ನೇ ಮಾತಾಡಿದೆವು.

ಸುತ್ತ ಮುಳ್ಳುತಂತಿ, ಕಾವಲು ಗೋಪುರ. ಇಲ್ಲಿ ಒಂದು ಹೊತ್ತಿಗೆ ಹತ್ತು ಸಾವಿರ ಜನ ಇದ್ದರು. ಮತ್ತೆ ಕಟ್ಟಿ ತೋರಿಸಿರುವ ಹೆಂಗಸರ ಪಾಯಿಖಾನೆಗೆ ಹೋದೆ. ಕಮೋಡುಗಳು ಬೆನ್ನಿಗೆ ಬೆನ್ನು ಹಚ್ಚಿ ಸಾಲಾಗಿವೆ. ನಡುವೆ ಒಂದು ತಡಿಕೆಯೂ ಇಲ್ಲ. ನಡುರಾತ್ರಿ ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಿದ್ದರಂತೆ. ಇದನ್ನು ನೋಡಿದ ಮೇಲೆ ಬೇರೆ ಯಾವ ವಿವರಣೆಯೂ ಬೇಕಾಗಲಿಲ್ಲ.

ಮೂಲದ ಲೆಕ್ಕ ಇಲ್ಲಿ ಎಲ್ಲಿಯ ತನಕ ಹೋಗಿತ್ತು ಗೊತ್ತಾ? ಹದಿನಾರರಲ್ಲಿ ಒಂದು ಪಾಲು ಜಪಾನೀ ರಕ್ತ ಇದ್ದರೂ ಸಾಕು, ಶಿಬಿರಕ್ಕೆ. ಅಂದರೆ ಮುತ್ತಜ್ಜನ ಅಪ್ಪನೋ ಅಮ್ಮನೋ ಒಬ್ಬರು ಜಪಾನಿನವರು. ಅನಾಥಾಲಯಗಳಿಂದ ಮಕ್ಕಳನ್ನೂ ತಂದರು. ನೂರೊಂದು ಮಕ್ಕಳು ಈ ಶಿಬಿರದ ಅನಾಥಾಲಯದಲ್ಲಿ ಇದ್ದರು, ಕೂಸುಗಳೂ ಸೇರಿ. ಅಪ್ಪ ಅಮ್ಮ ಯಾರೆಂದೇ ಗೊತ್ತಿಲ್ಲದ ಕೂಸಿನ ಪೂರ್ವಿಕರು ಮಾತ್ರ ಸರ್ಕಾರಕ್ಕೆ ಗೊತ್ತಿದ್ದರು.

ಅದೇ ಶಿಬಿರಗಳಿಂದ ಹುಡುಗರು 442ನೇ ರೆಜಿಮೆಂಟಿಗೆ ಸೇರಿ ಯುರೋಪಿನಲ್ಲಿ ಅಮೆರಿಕಕ್ಕಾಗಿ ಸತ್ತರು. ಸರ್ಕಾರ ಕ್ಷಮೆ ಕೇಳಿದ್ದು 1988ರಲ್ಲಿ. ಬದುಕಿದ್ದವರಿಗೆ ತಲಾ 20,000 ಡಾಲರ್. ಸ್ಮಶಾನದ ಬಿಳಿ ಗೋಪುರವನ್ನು 1943ರಲ್ಲಿ ಒಳಗಿದ್ದವರೇ ಕಟ್ಟಿದರು. ಅದರ ಬುಡದಲ್ಲಿ ಜನ ಇಟ್ಟುಹೋದ ಕಾಗದದ ಕೊಕ್ಕರೆ, ನಾಣ್ಯ, ಕಲ್ಲು.

ಜುಲೈ 4, ಶುಕ್ರವಾರ: ಇಂಡಿಪೆಂಡೆನ್ಸ್

ಮ್ಯಾನ್‌ಜನಾರ್‌ನಿಂದ ಹತ್ತು ನಿಮಿಷ ಉತ್ತರಕ್ಕೆ ಇಂಡಿಪೆಂಡೆನ್ಸ್ ಅನ್ನುವ ಪುಟ್ಟ ಊರಿದೆ. ಜುಲೈ 4ರ ಮೆರವಣಿಗೆ ನೋಡಲು ಕೋರ್ಟ್ ಕಟ್ಟಡದ ಎದುರು ನಿಂತೆವು. ಅಗ್ನಿಶಾಮಕ ವಾಹನ, ಕುದುರೆ, ಹಳೆಯ ಟ್ರ್ಯಾಕ್ಟರು, ಮಿಠಾಯಿ ಎಸೆಯುವ ಮಕ್ಕಳು. ಹುಡುಗಿ ಕೆನ್ನೆಗೆ ಬಾವುಟ ಬರೆಸಿಕೊಂಡಿದ್ದಳು. ಬಹಳ ಖುಷಿಯ ಬೆಳಗು.

ಊರಿಗೆ ಈ ಹೆಸರು ಬಂದದ್ದು ಸೈನ್ಯದ ಠಾಣ್ಯದಿಂದ. 1862ರ ಜುಲೈ 4ರಂದು, ಈ ಕಣಿವೆಯ ಪಾಯೂಟ್ ಜನರ ಜೊತೆ ಕಾದಾಡಲು ಬಂದ ದಂಡು ಇಲ್ಲಿ ಬೀಡುಬಿಟ್ಟಿತು. ಮುಂದಿನ ವರ್ಷ ಸುಮಾರು ಸಾವಿರ ಪಾಯೂಟ್‌ರನ್ನು ಬೆಟ್ಟ ದಾಟಿಸಿ ಫೋರ್ಟ್ ಟೆಹೋನ್‌ಗೆ ನಡೆಸಿಕೊಂಡು ಹೋದರು. ಎಷ್ಟೋ ಜನ ತಪ್ಪಿಸಿಕೊಂಡು ವಾಪಸ್ ಬಂದರು. ಅವರ ವಂಶದವರು ಊರಿನ ಪಕ್ಕದಲ್ಲೇ ಇದ್ದಾರೆ. ಪೂರ್ವಿಕರ ನೆಲ ಅನ್ನುವುದೇ ಲೆಕ್ಕವಾದರೆ ಇಲ್ಲಿ ಇವರಿಗಿಂತ ಹಳಬರು ಯಾರು? 1884ರಲ್ಲಿ ಜಾನ್ ಎಲ್ಕ್ ಎಂಬ ಮೂಲನಿವಾಸಿಗೆ ಸುಪ್ರೀಂ ಕೋರ್ಟ್, ಬುಡಕಟ್ಟಿನಲ್ಲಿ ಹುಟ್ಟಿದ ನೀನು ಹುಟ್ಟಿನಿಂದ ಪೌರನಲ್ಲ ಅಂದಿತು. ಅವರೆಲ್ಲರಿಗೂ ಪೌರತ್ವ ಬಂದದ್ದು 1924ರಲ್ಲಿ. ಊರಿನ ಮ್ಯೂಸಿಯಂನಲ್ಲಿ ಪಾಯೂಟ್ ಹೆಂಗಸರು ಹೆಣೆದ ಬುಟ್ಟಿಗಳಿವೆ. ನೀರು ಸೋರದಷ್ಟು ಬಿಗಿಯಾದ ಹೆಣಿಗೆಯವೂ ಇವೆ.

ಮ್ಯೂಸಿಯಂ ಅಂಗಳದ ನೆರಳಿನಲ್ಲಿ ಪೈ ಮತ್ತು ಐಸ್‌ಕ್ರೀಂ ತಿನ್ನುತ್ತಾ ಕೂತಾಗ ತಂಗಿಯ ಗಂಡನ ಮಾತು ಗ್ರೀನ್ ಕಾರ್ಡಿಗೆ ತಿರುಗಿತು. ಅವರು ಅರ್ಜಿ ಹಾಕಿದ್ದು 2014ರಲ್ಲಿ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ವರ್ಷಕ್ಕೆ ನೂರಕ್ಕೆ ಏಳರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಅವರ ಸರದಿ ಇನ್ನೂ ಬಂದಿಲ್ಲ. "ಹದಿನೆಂಟು ವರ್ಷದಿಂದ ತೆರಿಗೆ ಕಟ್ತಿದ್ದೀನಿ ಅಕ್ಕಾ. ಕೆಲಸ ಹೋದ್ರೆ ಅರವತ್ತು ದಿನದಲ್ಲಿ ಗಂಟುಮೂಟೆ ಕಟ್ಬೇಕು," ಅಂದರು.

ಹುಡುಗಿ ತಲೆ ಎತ್ತಿದಳು. "ಅಪ್ಪಾ, ನಂಗೆ ಇಪ್ಪತ್ತೊಂದು ಆದ್ರೆ ನಿಮ್ಗೆ ನಾನೇ ಅರ್ಜಿ ಹಾಕ್ಬಹುದು ಗೊತ್ತಾ? ಅದಕ್ಕೆ ದೇಶದ ಕ್ಯೂ ಇಲ್ಲ."

"ಗೊತ್ತು ಕಣೇ. ಅಷ್ಟೊತ್ತಿಗೆ ನನ್ನ ಕ್ಯೂನೇ ಮುಂದೆ ಹೋಗಿರುತ್ತೆ."

"ಹೋಗಿರಲ್ಲ," ಅಂದಳು. "ನಾನು ಲೆಕ್ಕ ಹಾಕಿದ್ದೀನಿ."